ಶಕ್ಕೂಗೆ ನೀರು ಕೊಡದ ಮಧ್ಯಾಹ್ನ

ಫ್ರೆಂಡ್ಸ್ ಆಗಿರೋ ದೇಶಗಳು ಸಾಲಕ್ಕೆ ಜಗಳ ಆಡಲ್ಲ ಅಂತ ನಿಂಗೆ ಯಾರೇ ಹೇಳಿದ್ದು ಇಂಚರ, ನಿಮ್ಮ ಡಿಬೇಟ್ ಟೀಚರ್ರಾ? ಶತ್ರುಗಳು ಮಾತ್ರ ಜಗಳ ಆಡೋದಾಗಿದ್ರೆ ಎಲ್ಲರೂ ನೆಮ್ಮದಿಯಾಗಿ ಇರ್ತಿದ್ವಿ ಕಣೆ. ಈಗ ಟೀವೀಲಿ ದಿನಾ ನೋಡ್ತೀಯಲ್ಲ, ಯುದ್ಧದಲ್ಲಿ ನಾನು ಇಷ್ಟು ಕೊಟ್ಟೆ, ನೀನು ಒಂದು ಥ್ಯಾಂಕ್ಸ್ ಹೇಳ್ಲಿಲ್ಲ ಅಂತ ದೊಡ್ಡ ದೊಡ್ಡೋರು ಎಗರಾಡೋದು, ಅದನ್ನ ನಾನು ಒಂದು ಸಣ್ಣ ಆಫೀಸಿನೊಳಗೆ ಕೂತು ನೋಡಿದೀನಿ. ಕುವೈತಲ್ಲಿ. ನಿಮ್ಮ ತಾತ ಅಲ್ಲಿ ಕಟ್ಟಡ ಕಟ್ಟೋ ಕಂಪನೀಲಿ ಫೋರ್‌ಮನ್, ನಾನು ಅದೇ ಕಂಪನೀಲಿ ಟೈಪಿಸ್ಟು. ನಿಮ್ಮಮ್ಮಂಗೆ ಆಗ ಎರಡು ವರ್ಷ. ಇಲ್ಲ, ತಡಿ, ಎರಡು ಇನ್ನೂ ತುಂಬಿರಲಿಲ್ಲ. ಮಾಲೀಕ ಕುವೈತಿನೋನು, ಲೆಕ್ಕ ನೋಡೋನು ಇರಾಕಿನೋನು, ಬಸ್ರಾ ಊರು. ಇಬ್ಬರೂ ಒಂದೇ ಕೆಟಲ್ ಟೀ ಕುಡಿದು, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು, ಸ್ವಂತ ಅಣ್ಣತಮ್ಮಂದಿರ ಹಾಗೆ ಇದ್ರು. ಒಂದಿನ ರೇಡಿಯೋದಲ್ಲಿ, ಇರಾಕು ಕುವೈತಿಗೆ ಕೊಡಬೇಕಾದ ಸಾಲದ ಸುದ್ದಿ ಬಂತು. ಮಾಲೀಕ ನಗ್ತಾನೇ ಅಂದ, "ಯುದ್ಧಕ್ಕೆ ಅಂತ ಇಸ್ಕೊಂಡ್ರಲ್ಲ, ವಾಪಸ್ ಕೊಡೋಕೇನು ಕಷ್ಟ ನಿಮಗೆ?" ಬಸ್ರಾದೋನು ಟೀ ಲೋಟ ಕೆಳಗಿಟ್ಟ. "ಎಂಟು ವರ್ಷ ಇರಾನಿನ ಜೊತೆ ಹೊಡೆದಾಡಿದ್ದು ಯಾರ ಬಾಗಿಲು ಕಾಯೋಕೆ? ಅಲ್ಲೇ ನನ್ನ ತಮ್ಮ ಸತ್ತ. ಅವನಿಗೆ ಎಷ್ಟು ಬಿಲ್ ಮಾಡ್ಲಿ ಹೇಳು." ಇಬ್ಬರೂ ಇಂಗ್ಲಿಷಲ್ಲಿ ಆಡ್ತಿದ್ರು, ನನಗೂ ಕೇಳಿಸ್ಲಿ ಅಂತಾನೋ ಏನೋ. ನಾನು ಟೈಪ್ ಮಾಡೋದು ನಿಲ್ಲಿಸಿ ತಲೆ ತಗ್ಗಿಸ್ಕೊಂಡೆ. ಆಮೇಲೆ ಅವರಿಬ್ಬರೂ ಒಟ್ಟಿಗೆ ಟೀ ಕುಡೀಲಿಲ್ಲ. ಸ್ವಲ್ಪ ದಿನಕ್ಕೆ ಬೀದೀಲಿ ಟ್ಯಾಂಕರ್ ಬಂತು. ಟ್ಯಾಂಕರ್ ಅಲ್ಲ ಕಣೆ, ಟ್ಯಾಂಕು, ಇರಾಕಿನ ಮಿಲಿಟರೀದು.

ಏನು, "ಬಟ್ ಅಜ್ಜಿ, ದೇ ವರ್ ಅಲೈಸ್" ಅಂತೀಯಾ? ಅದೇ ಹೇಳ್ತಿರೋದು ನಾನು. ನಾನೂ ಶಕ್ಕೂನೂ ಅಲೈಸೇ, ಒಂದೇ ಪಕ್ಷದೋರು. ಶಕುಂತಲಾ ಅಂತ, ಧಾರವಾಡದೋಳು, ಕುವೈತಲ್ಲಿ ನಮ್ಮ ಹಿಂದಿನ ಬೀದೀಲಿ ಮನೆ. ಅವಳ ಗಂಡ ವರ್ಕ್‌ಶಾಪಲ್ಲಿದ್ದ, ಅರಬ್ಬಿ ಭಾಷೆ ನೀರು ಕುಡಿದ ಹಾಗೆ ಮಾತಾಡೋನು. ಅವರ ಬಿಲ್ಡಿಂಗಿಗೆ ಸೈನಿಕರು ಬಂದು ಸೇರ್ಕೊಂಡ್ರು ನೋಡು, ಗಂಡ ಹೆಂಡತಿ ಮಗ ಮೂರೂ ಜನ ರಾತ್ರೋರಾತ್ರಿ ನಮ್ಮನೆಗೆ ಬಂದ್ರು. ಹೆಚ್ಚು ಕಡಿಮೆ ಒಂದು ತಿಂಗಳು ಇಟ್ಕೊಂಡೆ. ಅಂಗಡೀಲಿ ಏನೂ ಸಿಗ್ತಿರಲಿಲ್ಲ, ಇದ್ದ ಅಕ್ಕೀನ ಅಳೆದು ಅಳೆದು ಗಂಜಿ ಮಾಡಿದೀನಿ, ಅವಳ ಮಗನಿಗೆ ಮೊದಲು ಬಡಿಸಿ ಆಮೇಲೆ ನಿಮ್ಮಮ್ಮಂಗೆ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ನೆನಪಿಟ್ಕೋ. ಅವಳು ನೆನಪಿಟ್ಕೊಳ್ಳಲಿಲ್ಲ.

ಆಮೇಲೆ ಎಲ್ಲರೂ ಒಂದು ಬಸ್ಸು ಹಿಡಿದು ಹೊರಟ್ವಿ. ಬಸ್ರಾ, ಬಾಗ್ದಾದು, ಅಲ್ಲಿಂದ ಜೋರ್ಡಾನ್ ಗಡಿ. ದಾರೀಲಿ ಒಂದು ಚೆಕ್‌ಪೋಸ್ಟಲ್ಲಿ ತಾತನ್ನ ಇಳಿಸಿ ಒಳಗೆ ಕೂರಿಸಿಬಿಟ್ರು, ಯಾವುದೋ ಕಾಗದ ಸರಿ ಇಲ್ಲ ಅಂತ. ಶಕ್ಕು ಗಂಡ ಒಳಗೆ ಹೋಗಿ ಮಾತಾಡಿದ, ಹೊರಗೆ ಬಂದ, ಮತ್ತೆ ಹೋದ. ನಾನು ಮಗೂನ ಎದೆಗೆ ಅವುಚಿಕೊಂಡು ಚಾಮುಂಡೇಶ್ವರಿಗೆ ಸೀರೆ ಹರಕೆ ಹೊತ್ತೆ. ತಾತನ್ನ ಬಿಟ್ರು. ಊರಿಗೆ ಬಂದವಳೇ ಬೆಟ್ಟ ಹತ್ತಿ ಸೀರೆ ಉಡಿಸಿದೀನಿ, ರೇಷ್ಮೇದು. ಆಯ್ತಾ, ಗಡಿ. ಗಡೀಲಿ ಏನಿದೆ, ಮರಳು, ಬಿಸಿಲು, ಸಾಲಾಗಿ ಟೆಂಟು. ದಿನಕ್ಕೊಂದು ಸಲ ನೀರಿನ ಟ್ಯಾಂಕರ್ ಬರೋದು, ಹಿಡಿದಷ್ಟು ನಿಮ್ಮದು. ಒಂದಿನ ಬರಲೇ ಇಲ್ಲ. ಅವತ್ತೇ ನಿಮ್ಮಮ್ಮಂಗೆ ಜ್ವರ, ತುಟಿ ಬಿಳಿಚಿ ಬಿರುಕು ಬಿಟ್ಟು, ಅಳೋಕೂ ಶಕ್ತಿ ಇಲ್ಲ ಮಗೂಗೆ. ಪಕ್ಕದ ಟೆಂಟಿಗೆ ಓಡಿದೆ. "ಶಕ್ಕು, ಒಂದು ಲೋಟ ನೀರು ಕೊಡೆ, ಮಗೂಗೆ." ಅವಳು ನನ್ನ ಮುಖ ನೋಡ್ಲಿಲ್ಲ. "ಖಾಲಿ ಆಗ್ಯಾವ ವನಜಾ" ಅಂದ್ಲು. ಎಲ್ಲಿ ಕೂತಿದ್ಲು ಗೊತ್ತಾ? ಪ್ಲಾಸ್ಟಿಕ್ ಕ್ಯಾನಿನ ಮೇಲೆ. ನೆರಿಗೆ ಹರಡಿ ಮುಚ್ಚಿದ್ಲು, ಆದರೆ ಅವಳು ಜರುಗಿದಾಗ ಒಳಗೆ ನೀರು ತುಳುಕಿದ್ದು ನನ್ನ ಕಿವಿಗೆ ಬಿತ್ತು. ಕೊನೆಗೆ ನೀರು ಕೊಟ್ಟೋನು ಆಚೆ ಸಾಲಿನ ಸುಡಾನಿನ ಮುದುಕ, ತನ್ನ ಗಡ್ಡ ಹೆರೆಯೋ ಮಗ್‌ನಲ್ಲಿ. ಅವನ ಹೆಸರೂ ಕೇಳ್ಲಿಲ್ಲ ನಾನು. ಆ ಮಗೂನೇ ನೋಡು, ಈಗ ಒಳಗೆ ಆಫೀಸಿನ ಫೋನ್ ಕಾಲ್‌ನಲ್ಲಿ ಕೂತು ಯಾರನ್ನೋ ಬೈತಿರೋದು.

ಆಮೇಲೆ ಅವರವರ ಊರು, ಅವರವರ ದಾರಿ. ಆದರೆ ನನ್ನ ಸಿಟ್ಟು ಆರಲಿಲ್ಲ ಇಂಚರ. ಇಷ್ಟು ವರ್ಷ ಅದಕ್ಕೆ ಹಾಲು ಹಾಕಿ ಸಾಕಿದೀನಿ. ಬಚ್ಚಲಲ್ಲಿ ನಲ್ಲಿ ತಿರುಗಿಸಿದ್ರೆ ಆ ನೆರಿಗೆ ಕಣ್ಣಮುಂದೆ ಬರೋದು. ಹೋದ ವರ್ಷ ಯುಗಾದಿ ಊಟಕ್ಕೆ ಈ ಪರದೇಶದಲ್ಲಿರೋ ನಮ್ಮ ಕನ್ನಡದೋರೆಲ್ಲ ಸೇರಿದ್ರಲ್ಲ, ಅಲ್ಲಿ ಹೋಳಿಗೆ ಸಾಲಲ್ಲಿ ನನ್ನ ಹಿಂದೆ ಒಂದು ದನಿ, "ತುಪ್ಪಾ ಹಾಕಸ್ಕೋರಿ ಆಂಟಿ." ಯಾರನ್ನೋ ಕರೀತಿದ್ಲು. ತಿರುಗಿ ನೋಡ್ದೆ. ಅವಳೇ. ಮಗನ ಮನೆ ಮೆಕಿನ್ನಿ ಊರಲ್ಲಂತೆ, ಇಲ್ಲಿಂದ ಅರ್ಧ ಗಂಟೆ ಡ್ರೈವು. ಏನು ತಬ್ಬಿಕೊಂಡ್ಲು ಅಂತೀಯಾ. ನಾನೂ ತಬ್ಬಿಕೊಂಡೆ. ತಬ್ಬಿಕೊಂಡೇ ಯೋಚನೆ ಮಾಡ್ದೆ, ಸಿಕ್ಕಿದೆಯಲ್ಲ ಕೈಗೆ ಅಂತ.

ಅವಸರ ಪಡಲಿಲ್ಲ ನಾನು. ಬೇಸಿಗೆ ಬರಲಿ ಅಂತ ಕಾದೆ, ಈ ಊರಲ್ಲಿ ಶ್ರಾವಣ ಅಂದ್ರೆ ಮಳೆ ಅಲ್ಲ, ಸುಡು ಬಿಸಿಲು. ಶ್ರಾವಣ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಾ ಅಂತ ಕರೆದೆ, ನೀನು ಕ್ಯಾಂಪಿಗೆ ಹೋಗಿದ್ದೆ ಆಗ. ಮಧ್ಯಾಹ್ನ ಮೂರು ಗಂಟೆ, ನಮ್ಮ ಈ ಲಿಟಲ್ ಎಲ್ಮ್ ಊರಿನ ಬಿಸಿಲು, ಒಳಗೆ ಎಸಿ ಇದೆ, ನಾನು ಅವಳನ್ನ ಇಲ್ಲೇ, ಮನೆ ಹಿಂದಿನ ಇದೇ ಪ್ಯಾಟಿಯೋದಲ್ಲಿ ಕೂರಿಸಿದೆ. "ಗಾಳಿ ಚೆನ್ನಾಗಿ ಬರತ್ತೆ" ಅಂದೆ. ಗಾಳಿ ಎಲ್ಲಿ ಬಂತು, ಬಾಣಲೆ ಮೇಲಿನ ಬಿಸಿ ಅದು. ತಟ್ಟೇಲಿ ಎಲ್ಲ ಇಟ್ಟಿದ್ದೆ, ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು, ಒಳ್ಳೇ ರವಿಕೆ ಕಣ. ಖಾರದ ಅವಲಕ್ಕಿ ಬೇರೆ, ಮೆಣಸಿನಕಾಯಿ ಮುಂದಾಗಿಯೇ ಹಾಕಿದ್ದೆ. ನೀರು ಮಾತ್ರ ಇಡಲಿಲ್ಲ. ಬಾಗಿಲಿಗೆ ಬಂದೋರಿಗೆ ಮೊದಲು ನೀರು ಕೊಡೋ ಜನ ನಾವು, ಕೊರಿಯರ್ ತರೋನಿಗೂ ಬಾಟಲ್ ಕೊಡ್ತೀನಿ ನಾನು. ಅವಳಿಗೆ ಕೊಡಲಿಲ್ಲ. ನನ್ನ ಬಾಟಲ್ ಮಾತ್ರ ಕೈಯಲ್ಲಿ ಹಿಡ್ಕೊಂಡು ಗುಟುಕು ಗುಟುಕಾಗಿ ಕುಡಿತಾ ಮೊಮ್ಮಕ್ಕಳ ವಿಚಾರ ಮಾತಾಡ್ದೆ. ಒಂದು ಗಂಟೆ. ಅವಳು ಸೆರಗಲ್ಲಿ ಮುಖ ಒರೆಸ್ಕೊಂಡ್ಲು, ತುಟಿ ಸವರಿಕೊಂಡ್ಲು. ಕೊನೆಗೆ ಕೇಳಿದ್ಲು, "ವನಜಾ, ಒಂದ್ ಗ್ಲಾಸ್ ನೀರ ಕೊಡ ನೋಡೂಣ." ನಾನು ಅವಳ ಮುಖಾನೇ ನೋಡ್ತಾ ಅಂದೆ, "ಖಾಲಿ ಆಗಿದೆ ಶಕ್ಕು."

ಅವಳಿಗೆ ತಕ್ಷಣ ಗೊತ್ತಾಯ್ತು. ಒಂದು ಮಾತು ಬೇಕಿತ್ತು ನನಗೆ, ತಪ್ಪಾಯ್ತು ಅಂತ, ಅಷ್ಟೇ. ಅವಳು ಏನಂದ್ಲು ಗೊತ್ತಾ? "ನಿನ್ನ ಗಂಡನ್ನ ಬಿಡ್ಸಾಕ ನನ್ನ ತಾಳಿ ಸರಾ ಕೊಟ್ಟೇನಿ ಆ ಸೈನಿಕಗ. ನಮ್ಮವರು ಹೊರಗ ಬಂದು ಬೇಡಿದ್ರು, ಬಿಚ್ಚಿ ಕೊಟ್ಟೆ. ಕೊಳ್ಳಾಗ ಅರಿಶಿಣ ದಾರಾ ಕಟ್ಟಕೊಂಡು ಕುಂತಿದ್ದೆ, ನೀ ದಿನಾ ನೋಡ್ತಿದ್ದಿ. ಒಂದ್ ದಿನಾ, ಯಾಕ ಶಕ್ಕು ಅಂತ ಕೇಳ್ಲಿಲ್ಲ ನೀ. ಆ ಸಿಟ್ಟಿಗೆ ಕೊಡ್ಲಿಲ್ಲ." ಕೈಲಿದ್ದ ಬಾಟಲ್ ಕೆಳಗಿಟ್ಟೆ. ಹೌದು, ದಾರ ನೋಡಿದ್ದೆ. ನಾವೆಲ್ಲ ಹೆಂಗಸರು ಚಿನ್ನಾನ ಲಂಗದ ಅಂಚಿಗೆ ಹೊಲ್ಕೊಂಡಿದ್ವಿ, ಇವಳೂ ಹಾಗೇ ಮಾಡಿದ್ದಾಳೆ ಅಂದ್ಕೊಂಡೆ. ತಾತಂಗೂ ಗೊತ್ತಿರಲಿಲ್ಲ, ಪಾಪ, ಗೊತ್ತಿಲ್ಲದೇ ತೀರಿಕೊಂಡ್ರು. ನಾನು ಚಾಮುಂಡಿಗೆ ರೇಷ್ಮೆ ಉಡಿಸಿದೆ, ಇವಳು ಬರೀ ಕೊರಳಲ್ಲಿ ಧಾರವಾಡಕ್ಕೆ ಹೋದ್ಲು. ನಾಚಿಕೆ ಆಯ್ತು ಕಣೆ. ಸುಳ್ಳು ಯಾಕೆ ಹೇಳ್ಲಿ.

ಆದರೆ ಸಿಟ್ಟು ಹೋಯ್ತು ಅಂದ್ಕೋಬೇಡ. ಒಳಗೆ ಹೋಗಿ ದೊಡ್ಡ ಚೊಂಬಲ್ಲಿ ನೀರು ತಂದು ಅವಳ ಮುಂದೆ ಕುಕ್ಕಿದೆ. "ಕುಡಿ. ಸರದ ವಿಷಯ ನಿಂದು ನ್ಯಾಯ, ಜನ್ಮಪೂರ್ತಿ ನನ್ನ ಮೇಲೆ ಸಿಟ್ಟು ಮಾಡ್ಕೋ. ನನ್ನ ಜುಟ್ಟು ಹಿಡಿದು ಕೇಳಬೇಕಿತ್ತು ನೀನು, ನನ್ನ ಗಂಡನ್ನ ಕೇಳಬೇಕಿತ್ತು. ಎರಡು ವರ್ಷದ ಮಗು ಏನೇ ಮಾಡಿತ್ತು ನಿಂಗೆ?" ಅಂದೆ. ಅವಳು ಚೊಂಬು ಎತ್ತಿದೋಳು ಹಾಗೇ ಕೆಳಗಿಟ್ಲು. ಕುಡೀಲಿಲ್ಲ. ಕುಂಕುಮ ಇಟ್ಕೊಂಡ್ಲು, ರವಿಕೆ ಕಣ ಮುಟ್ಲಿಲ್ಲ, ಮಗನಿಗೆ ಫೋನ್ ಮಾಡಿ ಕಾರು ತರಿಸ್ಕೊಂಡು, ಅವನು ಬರೋ ತನಕ ಆ ಬಿಸಿಲಲ್ಲಿ ಬಾಯಾರಿಕೊಂಡೇ ಕೂತಿದ್ಲು. ನಾನೂ ಕೂತಿದ್ದೆ, ನನ್ನ ಬಾಟಲ್ ಮುಟ್ಟದೆ. ತಪ್ಪಾಯ್ತು ಅಂತ ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ನಿನ್ನ ಡಿಬೇಟಲ್ಲಿ ಏನು ಬೇಕಾದ್ರೂ ಹೇಳ್ಕೋ, ಸಾಲ ಬಿಡಬೇಕೋ ವಸೂಲಿ ಮಾಡಬೇಕೋ, ನನಗೆ ತಿಳಿಯಲ್ಲ. ದೊಡ್ಡೋರ ಜಗಳ ದೊಡ್ಡೋರ ಹತ್ರಾನೇ ಆಡು, ಮಗು ಬಾಯಾರಿ ಬಂದ್ರೆ ಅದು ಯಾರ ಮಗು ಅಂತ ಕೇಳದೆ ಮೊದಲು ನೀರು ಕೊಡು. ಹೋಗು ಈಗ, ಅಮ್ಮನ ಕಾಲ್ ಮುಗಿದಿರಬೇಕು, ತಟ್ಟೆ ಹಾಕು.