ಏಳು ಜನಕ್ಕೆ ಮೆಗಾಫೋನ್ ಯಾಕೆ?

...ಮೆಗಾಫೋನಾ? ಅಯ್ಯೋ, ಅದನ್ನ ಕೇಳೋಕೆ ಇಷ್ಟು ದೂರ ಬಂದ್ಯಾ ತಂಗಿ? ಅದು ಕೆಟ್ಟು ಎಷ್ಟು ಕಾಲವಾಯ್ತೋ! ಅಟ್ಟದ ಮೇಲೆ ಧೂಳು ತಿಂತಾ ಬಿದ್ದಿದೆ. ಕೂತ್ಕೋ, ಯಾಕೆ ನಿಂತೇ ಇದ್ದೀಯಾ?

ನಾಳೆ ಚೌಕದಲ್ಲಿ ಯುದ್ಧ ಬೇಡ ಅಂತ ಕೂಗ್ತೀರಾ? ಎಷ್ಟು ಜನ?... ಏಳು! ಭಲೇ! ಏಳು ಜನಕ್ಕೆ ಮೆಗಾಫೋನ್ ಯಾಕೆ, ಪಿಸುಗುಟ್ಟಿದ್ರೆ ಸಾಕು. ನಗಬೇಡ... ಓ, ನಗಲಿಲ್ವಾ.

ನಮ್ಮ ಕಾಲದಲ್ಲಿ ಹೇಗಿತ್ತು! ಚೌಕ ತುಂಬಿ, ಬಸ್ಸು ನಿಂತು, ಪೊಲೀಸ್ನೋರೂ ನನ್ನ ಘೋಷಣೆ ಗುನುಗ್ತಿದ್ರು. ನಿನ್ನ ಮಗ ಯೂನಿಫಾರ್ಮಲ್ಲೇ ಸ್ಕೂಲಿಂದ ಓಡಿ ಬಂದು ಮೆಗಾಫೋನಿನ ಪಟ್ಟಿ ಹಿಡ್ಕೊಳ್ತಿದ್ದ. ಗಂಟಲು ಅಂದ್ರೆ ಮಾಮನ ಗಂಟಲು ಅಂತಿದ್ದ, ಕಳ್ಳ!

ಆ ಜನವೆಲ್ಲ ಎಲ್ಲಿ ಅಂತೀಯಾ? ಎಲ್ಲೂ ಹೋಗಿಲ್ಲಮ್ಮ, ಚುನಾವಣೆ ಗೆದ್ವಿ ಅಷ್ಟೆ. ಹಾಡು ಕಟ್ಟುತ್ತಿದ್ದ ಮೇಷ್ಟ್ರು ಮಂತ್ರಿಗೆ ಭಾಷಣ ಬರೀತಾರೆ. ಬಸ್ಸಿಗೆ ಅಡ್ಡ ಮಲಗ್ತಿದ್ದ ದಂತವೈದ್ಯೆ ಈಗ ಮೆತ್ತನೆ ಕುರ್ಚೀಲಿ ಕೂತಿದ್ದಾಳೆ, ಎಬ್ಬಿಸಿದ್ರೂ ಏಳಲ್ಲ.

ಏನು? ಅದೇ ಯುದ್ಧ, ಅದೇ ವಿಮಾನ ಅಂತೀಯಾ? ಛೆ ಛೆ! ಆಗಿನ ಬಾಂಬು ಹಳೇ ಸರ್ಕಾರದೋರದು, ಸೊಕ್ಕಿನ ಬಾಂಬು. ಈಗಿನದು ನಮ್ಮದು... ನೊಂದುಕೊಂಡು ಹಾಕ್ತೀವಿ. ಯಾಕೆ ಹುಬ್ಬೇರಿಸ್ತೀಯಾ? ಹಾಕಿದ ಮೇಲೆ ವಿಷಾದ ವ್ಯಕ್ತಪಡಿಸ್ತೀವಿ, ಅವರು ಯಾವತ್ತಾದ್ರೂ ವ್ಯಕ್ತಪಡಿಸಿದ್ರಾ? ಈಗ ಬೀದಿಗಿಳಿದ್ರೆ ಲಾಭ ಅವರಿಗೇ ತಾಯಿ. ಸ್ವಲ್ಪ ತಡ್ಕೋ. ಮುಂದಿನ ಸಲ ನಾವು ಸೋತರೆ, ದೇವರಾಣೆ, ಮೊದಲ ದಿನವೇ ನಿನ್ನ ಪಕ್ಕ ನಿಂತಿರ್ತೀನಿ!

ನನಗೇನು ಕರುಳಿಲ್ವಾ? ಹುಡುಗ ಗಡಿಗೆ ಹೊರಟ ದಿನ ಜ್ವರ ಬಂದು ಹಾಸಿಗೆ ಹಿಡಿದಿದ್ದೆ. ಇಲ್ದಿದ್ರೆ ಸ್ಟೇಷನ್ನಿಗೆ ಬರ್ತಿರಲಿಲ್ವಾ? ಸೋದರಮಾವ ನಾನು! ಮಲಗಿದ್ದಲ್ಲೇ ಅತ್ತಿದೀನಿ. ಆದ್ರೆ ಎಂಥ ಗಟ್ಟಿಗ ನಿನ್ನ ಮಗ! ರೈಲಿನ ಕಿಟಕಿಯಿಂದ ಬಗ್ಗಿ, ತನ್ನ ವಾಚು ಬಿಚ್ಚಿ ನಿನ್ನ ಕೈಗೆ ಕಟ್ಟಿ, ನಗ್ತಾ ನಗ್ತಾ...

ಏನು?

ಯಾಕೆ ಹಾಗೆ ವಾಚು ಮುಚ್ಕೊಂಡೆ?

ಯಾರೋ ಹೇಳಿದ್ರು. ಯಾರು ಅಂದ್ರೆ... ನೀನೇ ಹೇಳಿದ್ದಲ್ವಾ?... ಇಲ್ವಾ... ಬೈಯಿ ಬೇಕಾದ್ರೆ.

ಪಕ್ಷದೋರು ಹೇಳಿದ್ರು, ಬೀಳ್ಕೊಡುಗೆ ಜೋರಾಗಿರ್ಬೇಕು ಅಂತ. ದೊಡ್ಡ ಬಾವುಟದ ಹಿಂದೆ ಮೆಗಾಫೋನ್ ಹಿಡ್ಕೊಂಡು ನಿಂತಿದ್ದೆ, ಯಾರಿಗೂ ಕಾಣಲ್ಲ ಅಂದ್ಕೊಂಡು. ವೀರರಿಗೆ ಜಯವಾಗಲಿ, ಜಯವಾಗಲಿ... ದನಿ ಗುರುತು ಹಿಡಿದುಬಿಟ್ಟ ಕಣೇ ಅವನು. "ಮಾಮಾ" ಅಂತ ಕೈ ಬೀಸಿದ. ನಾನು... ಇನ್ನೂ ಜೋರಾಗಿ ಕೂಗಿದೆ. ಅವನು ಕರೆದದ್ದು ಕೇಳಿಸಬಾರದು ಅಂತ.

ನಿನಗೂ... ನಿನಗೂ ಅವತ್ತೇ ಗೊತ್ತಾಗಿತ್ತಾ? ಅದು ಕೆಟ್ಟಿಲ್ಲ ಅಂತ ಗೊತ್ತಿದ್ದೇ ಕೇಳೋಕೆ ಬಂದ್ಯಾ?

ಏಣಿ ಯಾಕೆ ಎಳೀತೀಯಾ... ಬಿಡು. ಅಟ್ಟದ ಮೇಲಿಲ್ಲ ಅದು. ಮಂಚದ ಕೆಳಗಿದೆ. ತಗೊಂಡು ಹೋಗು. ಸೆಲ್ಲು ಹೊಸದೇ.