ನಾಡಿ ನಲವತ್ತಾರು

ರಕ್ತನಿಧಿಯ ಬೆಂಚಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಟೈಲರ್‌ಗೆ, ಪಕ್ಕದಲ್ಲಿ ಕೂತಿದ್ದ ಸೈಕಲ್ ರೇಸಿನ ಹುಡುಗಿ ಮತ್ತು ಅವಳಿಗೆ ತರಬೇತಿ ಕೊಡುವ ಸೋದರಮಾವನ ಜಗಳ ಕೇಳಿಸಿಕೊಳ್ಳದೆ ಗತಿಯಿರಲಿಲ್ಲ.

"ರೇಸಿಗೆ ಇನ್ನು ಹನ್ನೆರಡೇ ದಿನ. ಈಗ ರಕ್ತ ಕೊಟ್ರೆ ಏರು ಹತ್ತೋವಾಗ ಉಸಿರು ಸಾಲಲ್ಲ ಕಣೇ."

"ಎದುರುಮನೆ ಅಕ್ಕನ ಆಪರೇಷನ್ ನಾಡಿದ್ದು, ಮಾವ. ನನ್ನ ಗ್ರೂಪು ಸುಲಭಕ್ಕೆ ಸಿಗಲ್ಲ."

"ಮೂರು ವರ್ಷ ಪಟ್ಟ ಪಾಡೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು!"

ಅಷ್ಟರಲ್ಲಿ ನರ್ಸ್ ಬಂದು ಹುಡುಗಿಯ ಮಣಿಕಟ್ಟು ಹಿಡಿದಳು.

"ನಾಡಿ ನಲವತ್ತಾರು. ಐವತ್ತಾದ್ರೂ ಇರ್ಬೇಕಮ್ಮ. ಹೃದಯ ವೀಕ್ ಇರ್ಬಹುದು, ಮನೆಗೆ ಹೋಗಿ."

ಮಾವನಿಗೆ ಬೇಕಾಗಿದ್ದೂ ಅದೇ. ಆದರೆ ಅವರು ದಡಕ್ಕನೆ ಎದ್ದು ಚೀಲದಿಂದ ಮಾಸಿದ ನೋಟ್‌ಬುಕ್ ತೆಗೆದರು.

"ವೀಕಾ? ಇಲ್ನೋಡಿ ಸಿಸ್ಟರ್. ಶುರು ಮಾಡಿದಾಗ ಎಪ್ಪತ್ತೆಂಟಿತ್ತು. ದಿನಾ ಬೆಳಿಗ್ಗೆ ಎಣಿಸಿ ಬರೆದಿದ್ದೀನಿ. ಪೆಡಲ್ ತುಳಿದೂ ತುಳಿದೂ ಇಳಿಸಿದ್ದು ಇದು. ಕುದುರೆಯಂಥ ಹೃದಯ!"

ನರ್ಸ್ ಪುಟ ತಿರುವಿ ನಕ್ಕಳು.

"ಬನ್ನಿ, ಡಾಕ್ಟರ್‌ಗೆ ತೋರಿಸೋಣ. ಅವರು ಹೂಂ ಅಂದ್ರೆ ತಗೋತೀವಿ."

"ಮಾವ, ರೇಸು?"

"ಮುಂದಿನ ತಿಂಗಳು ಇನ್ನೊಂದಿದೆ. ನಡಿಯೇ, ಡಾಕ್ಟರ್ ಎದ್ದು ಹೋದಾರು!"

ಅವರು ಒಳಗೆ ಹೋದ ಮೇಲೆ ಟೈಲರ್ ತನ್ನ ಮಣಿಕಟ್ಟಿನ ಮೇಲೂ ಎರಡು ಬೆರಳಿಟ್ಟು ಗೋಡೆ ಗಡಿಯಾರ ನೋಡಿದ. ಎಂಬತ್ತೆಂಟು. ಅಂಗಡಿಯ ಹಿಂದೆ ತುಕ್ಕು ಹಿಡಿಯುತ್ತಿದ್ದ ಸೈಕಲ್ ನೆನಪಾಯಿತು.