ಅರವತ್ತೊಂದು ಗುಂಡಿಯ ಕೀಬೋರ್ಡ್ ಮತ್ತು ಒಂದು ಚೀಲ ತೊಗರಿ

ನನ್ನ ಹೆಸರು ಪ್ರಣಾಲಿ, ತಂದೆ ಗೋರಖನಾಥ, ವಯಸ್ಸು 24 ವರ್ಷ, ಉದ್ಯೋಗ ಬೀದರ್ ಹತ್ತಿರದ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಕಂಪ್ಯೂಟರ್ ಆಪರೇಟರ್, ಸ್ವಂತ ಊರು ಎಕಂಬಾ, ತಾಲೂಕು ಔರಾದ, ಜಿಲ್ಲೆ ಬೀದರ್. ಹಾಲಿ ವಾಸ ಬೀದರ್ ನಗರದ ಚಿದ್ರಿ ರಸ್ತೆ, ಮುನವ್ವರ ಬೇಗಂ ಅವರ ಮನೆಯ ಬಾಡಿಗೆ ಕೋಣೆ. ಇಂದು ದಿನಾಂಕ 17-01-2026, ಶನಿವಾರ, ಸಂಜೆ 4 ಗಂಟೆ 15 ನಿಮಿಷಕ್ಕೆ ಭಾಲ್ಕಿಯ ಠಾಣೆಯಲ್ಲಿ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ 11 ಗಂಟೆ 30 ನಿಮಿಷಕ್ಕೆ ಇದೇ ಠಾಣೆಯಲ್ಲಿ ನಾನು ಬರೆದುಕೊಟ್ಟ ಕಳವಿನ ದೂರು ತಪ್ಪು. ಅದರಲ್ಲಿ ನಾನು ಹೆಸರಿಸಿದ ಧೊಂಡಿಬಾ, ವಯಸ್ಸು ಸುಮಾರು 70 ವರ್ಷ, ಉದ್ಯೋಗ ಕುರಿ ಸಾಕಣೆ ಮತ್ತು ಒಕ್ಕಲುತನ, ಇವರು ಏನನ್ನೂ ಕದ್ದಿಲ್ಲ. ತಪ್ಪು ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ ಎಂದು ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರಿಗೆ ಮೊದಲೇ ತಿಳಿಸಿದ್ದೇನೆ.

ನಾನು ಬಿಡುವಿನ ವೇಳೆಯಲ್ಲಿ ಕಂಪ್ಯೂಟರ್ ಗೇಮ್ ಆಡುತ್ತೇನೆ. ಗೋದಾಮಿನ ಸುಮಿತ ಮತ್ತು ಇನ್ನು ಮೂವರೊಂದಿಗೆ ನಮ್ಮದು ಐದು ಜನರ ತಂಡ. ಈ ಆಟದಲ್ಲಿ ಎಡಗೈ ಕೀಬೋರ್ಡಿನ ಮೇಲೆ, ಬಲಗೈ ಮೌಸಿನ ಮೇಲೆ ಇರುತ್ತದೆ. ನನ್ನ ಕೋಣೆಯ ಮೇಜಿನ ಅಗಲ 60 ಸೆಂಟಿಮೀಟರ್. ಅದರ ಮೇಲೆ 104 ಗುಂಡಿಯ ದೊಡ್ಡ ಕೀಬೋರ್ಡ್ ಇಟ್ಟರೆ ಮೌಸಿಗೆ ಉಳಿಯುವುದು ಒಂದು ಗೇಣು ಜಾಗ. ಜೋರಾಗಿ ತಿರುಗಬೇಕಾದಾಗಲೆಲ್ಲ ಮೌಸು ಕೀಬೋರ್ಡಿಗೆ ಬಡಿದು ನಾನು ಸಾಯುತ್ತಿದ್ದೆ. ಆಟದಲ್ಲಿ ಸಾಯುವುದು ಎಂದು ದಯವಿಟ್ಟು ಬರೆದುಕೊಳ್ಳಬೇಕು.

ಆದ್ದರಿಂದ ಕಳೆದ ಡಿಸೆಂಬರಿನಲ್ಲಿ ಬೀದರ್ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಜಹೀರೋದ್ದೀನ ಅವರ ಬಳಿಗೆ ಮೂರು ಭಾನುವಾರ ಹೋದೆ. ಅವರು 87 ಗುಂಡಿಯದನ್ನೂ 61 ಗುಂಡಿಯದನ್ನೂ ತೋರಿಸಿದರು. ಚಿಕ್ಕದರಲ್ಲಿ ಬಲಬದಿಯ ಅಂಕಿಗಳ ಪ್ರತ್ಯೇಕ ಗುಂಪು ಇಲ್ಲ, ಬಾಣದ ಗುಂಡಿಗಳೂ ಇಲ್ಲ. ದಿನವಿಡೀ ಗೋದಾಮಿನಲ್ಲಿ ಅಂಕಿಗಳನ್ನೇ ಒತ್ತುವ ನನಗೆ ಆ ಗುಂಪು ಇಲ್ಲದ ಕೀಬೋರ್ಡು ಮೊದಲು ಕೈ ಮುರಿದಂತೆ ಕಂಡಿತು. ಆಮೇಲೆ, ಮನೆಗೆ ಬಂದ ಮೇಲಾದರೂ ಅಂಕಿಗಳ ಕಾಟ ತಪ್ಪಲಿ ಎನ್ನಿಸಿತು.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಗುಂಡಿಯ ಕೆಳಗೂ ಅದರದೇ ಒಂದು ಸ್ವಿಚ್ ಇರುತ್ತದೆ. ನೀಲಿ ಸ್ವಿಚ್ಚಿನದು ಟಕ್ ಟಕ್ ಎಂದು ಸದ್ದು ಮಾಡುತ್ತದೆ, ಕೆಂಪಿನದು ಹಗುರ, ಸದ್ದು ಕಡಿಮೆ. ನನಗೆ ನೀಲಿಯೇ ಇಷ್ಟವಾಗಿತ್ತು. ಜಹೀರೋದ್ದೀನ ಅವರು ಮುಂಗಡ ಕೇಳದೆ ಎರಡನ್ನೂ ಕೊಟ್ಟು, ಎರಡು ದಿನ ಮನಿಗಿ ಒಯ್ದು ನೋಡು ಬೇಟಿ, ನಿನ್ನ ಕೈ ಒಪ್ಪಬೇಕು, ನಾ ಒಪ್ಪಿದ್ರ ಏನ್ ಆಗ್ತದ ಎಂದು ಹೇಳಿದರು. ಅಂದು ರಾತ್ರಿ ನೀಲಿಯದರಲ್ಲಿ ಆಡಿದೆ. ಗೋಡೆಯ ಆಚೆ ಮಲಗಿದ್ದ ಮುನವ್ವರ ಬೇಗಂ ಅವರು ಬೈಯಲಿಲ್ಲ. ಮರುದಿನ ಚಹಾ ಕೊಡುತ್ತ, ನಿನ್ನ ಕೋಣ್ಯಾಗ ಅಡಕಿ ಕತ್ತರಸ್ಲಾಕತ್ತಿದ್ಯೇನ ಎಂದು ಕೇಳಿದರು ಅಷ್ಟೆ. ನಾನು ಕೆಂಪು ಸ್ವಿಚ್ಚಿನ, 61 ಗುಂಡಿಯ ಕೀಬೋರ್ಡನ್ನು ಆರಿಸಿದೆ. ಉದ್ದ 29 ಸೆಂಟಿಮೀಟರ್, ಅಗಲ 10 ಸೆಂಟಿಮೀಟರ್, ತೂಕ 600 ಗ್ರಾಂ. ರಸೀದಿ ಹಾಜರುಪಡಿಸಿದ್ದೇನೆ.

ಊರಿಗೆ ಹೋದಾಗ ಅದನ್ನು ನನ್ನ ತಾಯಿ ಕೌಸಲ್ಯಾಬಾಯಿ ಅವರಿಗೆ ತೋರಿಸಿದೆ. ಅವರು ಕೈಯಲ್ಲಿ ಹಿಡಿದು ಅಳತೆ ನೋಡಿ, ದೂಳು ಕೂಡ್ತದ ಎಂದು ಹೇಳಿ ಬಿಳಿ ಬಟ್ಟೆಯಲ್ಲಿ ದಾರ ಎಳೆಯುವ ಚೀಲ ಹೊಲಿದುಕೊಟ್ಟರು. ನನ್ನ ಸೋದರಮಾವ ಕೈಲಾಶ ಅವರು ಬೀದರಿನ ಕಾಳಿನ ಮಾರುಕಟ್ಟೆ ಗಾಂಧಿ ಗಂಜದಲ್ಲಿ, ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ತೂಕದವರು. ರೈತರ ಕಾಳನ್ನು ಸವಾಲಿಗೆ, ಅಂದರೆ ಹರಾಜಿಗೆ, ಇಡುವ ಮೊದಲು ಅರ್ಧ ಕಿಲೋದಷ್ಟು ನಮೂನೆ ತೆಗೆದಿಡುವ ಚೀಲಗಳನ್ನು ಆ ಅಂಗಡಿಗೆ ಹದಿನೈದು ವರ್ಷದಿಂದ ನನ್ನ ತಾಯಿಯೇ ಹೊಲಿದು ಕಳಿಸುತ್ತಾರೆ. ಕೀಬೋರ್ಡಿನ ಚೀಲವನ್ನೂ ಅದೇ ಬಟ್ಟೆಯಲ್ಲಿ, ಅದೇ ಕೆಂಪು ದಾರ ಹಾಕಿ, ಅದೇ ಅಳತೆಗೆ ಎರಡು ಬೆರಳು ಸೇರಿಸಿ ಹೊಲಿದಿದ್ದರು. ನಾನು ದೊಡ್ಡ ಕೀಬೋರ್ಡ್ ಕೊಂಡಿದ್ದರೆ ಅದು ಅಂಥ ಚೀಲದಲ್ಲಿ ಹಿಡಿಯುತ್ತಲೇ ಇರಲಿಲ್ಲ ಮತ್ತು ಈ ಹೇಳಿಕೆಯ ಅಗತ್ಯವೂ ಬೀಳುತ್ತಿರಲಿಲ್ಲ.

ಇಂದು ಬೆಳಿಗ್ಗೆ 11 ಗಂಟೆಗೆ ಭಾಲ್ಕಿಯ ಫಂಕ್ಷನ್ ಹಾಲ್ ಒಂದರಲ್ಲಿ ಗೇಮ್ ಸ್ಪರ್ಧೆ ಇತ್ತು. ಕೀಬೋರ್ಡ್ ಮತ್ತು ಮೌಸ್ ಅವರವರೇ ತರಬೇಕಿತ್ತು. ನನ್ನ ತಂಡದವರು ಸುಮಿತನ ಗಾಡಿಯಲ್ಲಿ ಮೊದಲೇ ಹೋಗಿದ್ದರು. ನಾನು 8 ಗಂಟೆ 5 ನಿಮಿಷಕ್ಕೆ ಕೋಣೆ ಬಿಟ್ಟು 8 ಗಂಟೆ 30 ನಿಮಿಷಕ್ಕೆ ಗಾಂಧಿ ಗಂಜಕ್ಕೆ ಹೋದೆ. ಊರಿನಿಂದ ತೊಗರಿ ಗಾಡಿಯಲ್ಲಿ ಬಂದಿದ್ದ ರೊಟ್ಟಿಯ ಗಂಟು ಮಾವನ ಅಂಗಡಿಯಲ್ಲಿತ್ತು. ರೊಟ್ಟಿಗೆ ಜಾಗ ಮಾಡಲು ಬೆನ್ನಚೀಲದಿಂದ ಕೀಬೋರ್ಡಿನ ಚೀಲವನ್ನು ತೆಗೆದು ಹತ್ತಿರದ ಮೇಜಿನ ಮೇಲೆ ಇಟ್ಟೆ. ಆ ಮೇಜಿನ ಮೇಲೆ ಆಗಲೇ ಏಳೆಂಟು ನಮೂನೆ ಚೀಲಗಳಿದ್ದವು. ಲೆಕ್ಕ ಬರೆಯುವ ಮುನೀಮರು ಬಂದ ಮೇಲೆಯೇ ಅವುಗಳಿಗೆ ಹೆಸರಿನ ಚೀಟಿ ಕಟ್ಟುವುದರಿಂದ ಆಗ ಯಾವುದಕ್ಕೂ ಚೀಟಿ ಇರಲಿಲ್ಲ. ರೊಟ್ಟಿ ತುಂಬಿಕೊಂಡು, ಒಂದು ಕೈಯಲ್ಲಿ ಫೋನ್ ಹಿಡಿದು ಸುಮಿತನೊಂದಿಗೆ ಮಾತನಾಡುತ್ತ, ಇನ್ನೊಂದು ಕೈಯಿಂದ ಒಂದು ಚೀಲದ ದಾರ ಹಿಡಿದು ಎತ್ತಿ ಒಳಗೆ ಹಾಕಿಕೊಂಡೆ. ತೂಕ ಹೆಚ್ಚುಕಡಿಮೆ ಒಂದೇ ಇತ್ತು. ಮುಟ್ಟಿ ನೋಡಲಿಲ್ಲ.

9 ಗಂಟೆ 10 ನಿಮಿಷಕ್ಕೆ ಬೀದರ್ ನಿಲ್ದಾಣದಲ್ಲಿ ಭಾಲ್ಕಿ ಬಸ್ ಹತ್ತಿದೆ. ಕೂರಲು ಜಾಗ ಇರಲಿಲ್ಲ. ಬಾಗಿಲಿನಿಂದ ಮೂರನೇ ಸೀಟಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ನಾನು ಕೇಳುವ ಮೊದಲೇ ಕೈ ಚಾಚಿ ನನ್ನ ಬೆನ್ನಚೀಲವನ್ನು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ನಮ್ಮ ಕಡೆ ಬಸ್ಸಿನಲ್ಲಿ ಕುಳಿತವರು ನಿಂತವರ ಭಾರ ಹಿಡಿಯುತ್ತಾರೆ, ಅದಕ್ಕೆ ಯಾರೂ ಧನ್ಯವಾದ ಹೇಳುವುದಿಲ್ಲ, ನಾನೂ ಹೇಳಲಿಲ್ಲ. ಅವರೇ ಧೊಂಡಿಬಾ. ತಾನು ಭಾಲ್ಕಿಯಲ್ಲಿ ಮಗಳ ಮನೆಗೆ ಹೋಗುತ್ತಿರುವುದಾಗಿಯೂ, ಮೊಮ್ಮಗಳು ರಾಧಿಕಾಳನ್ನು ನೋಡಲು ಮಧ್ಯಾಹ್ನ 1 ಗಂಟೆಗೆ ಗಂಡಿನ ಕಡೆಯವರು ಬರುವುದಾಗಿಯೂ, ಅಳಿಯ ತೀರಿಹೋಗಿರುವುದರಿಂದ ಮಾತುಕತೆಗೆ ತಾನೇ ಹಿರಿಯನೆಂದೂ ತಿಳಿಸಿದರು. ನಾನು ಆಟದ ಸ್ಪರ್ಧೆಗೆ ಹೊರಟಿದ್ದೇನೆಂದು ಕೇಳಿ, ಮನೆಯ ಗುರುತು ಹೇಳಿ, ಆಟ ಮುಗಿದ ಮೇಲೆ ಊಟಕ್ಕೆ ಬಾ ಎಂದು ಕರೆದರು.

ದಾರಿಯಲ್ಲಿ ಹಲಬರ್ಗಾ ಊರು ಬರುವ ಮೊದಲು, ಸುಮಾರು 9 ಗಂಟೆ 50 ನಿಮಿಷಕ್ಕೆ, ಧೊಂಡಿಬಾ ಅವರು ನನ್ನ ಬೆನ್ನಚೀಲದ ಬದಿಯನ್ನು ಹೊರಗಿನಿಂದಲೇ ಬೆರಳಿನಿಂದ ಒತ್ತಿ, ಮಗಳ, ತೊಗರಿ ಎಲ್ಲಿಗಿ ಒಯ್ಲಾಕತ್ತೀದಿ ಎಂದು ಕೇಳಿದರು. ಅದು ತೊಗರಿಯಲ್ಲ, ಗೇಮ್ ಆಡುವ ಕೀಬೋರ್ಡು ಎಂದು ಹೇಳಿದೆ. ಅವರು ಮತ್ತೊಮ್ಮೆ ಒತ್ತಿ, ಇರ್ಲಿಕ್ಕಿಲ್ಲವಾ, ನನ್ನ ಕೈಗಿ ತೊಗರಿ ಹತ್ಲಾಕತ್ತದ ಎಂದರು. ನಾನು ನಕ್ಕೆ. ಮುತ್ಯಾ, ಇದು ನಿಮಗ ತಿಳಿಯಂಗಿಲ್ರಿ ಎಂದೆ. ಅವರೂ ನಕ್ಕರು. ಈ ಮಾತನ್ನು ಬರೆಸುವಾಗ ನನಗೆ ಬಹಳ ನಾಚಿಕೆಯಾಗುತ್ತಿದೆ.

10 ಗಂಟೆ 20 ನಿಮಿಷಕ್ಕೆ ಭಾಲ್ಕಿಯಲ್ಲಿ ಇಳಿದು, 600 ಮೀಟರ್ ನಡೆದು ಹಾಲ್ ತಲುಪಿದೆ. ನಿಯಮದಂತೆ ಫೋನನ್ನು ಸಂಘಟಕರ ಡಬ್ಬಿಯಲ್ಲಿ ಹಾಕಿದೆ. 10 ಗಂಟೆ 50 ನಿಮಿಷಕ್ಕೆ ನನ್ನ ಮೇಜಿನ ಮುಂದೆ ಚೀಲದ ದಾರ ಸಡಿಲಿಸಿದಾಗ ತೊಗರಿ ಸುರಿಯಿತು. ಪಕ್ಕದ ತಂಡದವರು ನಕ್ಕರು. ಚೀಲ ಎಲ್ಲಿಯೂ ನನ್ನ ಕೈ ಬಿಟ್ಟಿಲ್ಲ, ಬಸ್ಸಿನಲ್ಲಿ ಮಾತ್ರ ಬೇರೊಬ್ಬರ ತೊಡೆಯ ಮೇಲಿತ್ತು ಎಂದು ಆ ಗಳಿಗೆಯಲ್ಲಿ ನನ್ನ ತಲೆ ಹೇಳಿತು. ಮೇಜಿನ ಮೇಲೆ ಇಟ್ಟದ್ದು ನೆನಪಿಗೇ ಬರಲಿಲ್ಲ. ತೊಗರಿ ಎಂದರೆ ಹಳ್ಳಿಯವರದು ಎಂದುಕೊಂಡೆ. ನಾನೂ ತೊಗರಿ ಬೆಳೆಯುವ ಮನೆಯವಳೇ ಎಂಬುದು ಮರೆತುಹೋಗಿತ್ತು. ಮುಂದಿನ ಜೇಬಿನಲ್ಲಿ ಮೌಸ್ ಹಾಗೆಯೇ ಇತ್ತು. ಕೀಬೋರ್ಡ್ ಕದ್ದವನು ಮೌಸ್ ಯಾಕೆ ಬಿಟ್ಟ ಎಂದೂ ಯೋಚಿಸಲಿಲ್ಲ.

ಡಬ್ಬಿಯಲ್ಲಿದ್ದ ಫೋನನ್ನೂ ಮರೆತು, 11 ಗಂಟೆ 30 ನಿಮಿಷಕ್ಕೆ ಈ ಠಾಣೆಗೆ ಬಂದು ದೂರು ಕೊಟ್ಟೆ. ಹಿರಿಯರು ಬಸ್ಸಿನಲ್ಲಿ ಚೀಲವನ್ನು ಎರಡು ಸಲ ಒತ್ತಿ ನೋಡಿದರು ಎಂದು ಬರೆದೆ. ಅವರು ಏನೆಂದರು ಎಂಬುದನ್ನು ಬರೆಯಲಿಲ್ಲ. ಊಟಕ್ಕೆ ಕರೆದು ಅವರು ಹೇಳಿದ್ದ ಮನೆಯ ಗುರುತನ್ನೇ ಪೊಲೀಸರಿಗೆ ಕೊಟ್ಟೆ. 12 ಗಂಟೆ 20 ನಿಮಿಷಕ್ಕೆ ಪೇದೆಯವರು ಅವರನ್ನು ಕರೆತಂದರು. ಧೊಂಡಿಬಾ ಅವರು ಹೊಸ ಧೋತರ ಉಟ್ಟು, ರುಮಾಲು ಸುತ್ತಿದ್ದರು. ಅವರಿಗೆ ಕುರ್ಚಿ ಮತ್ತು ಚಹಾ ಕೊಡಲಾಯಿತು. ಚಹಾವನ್ನು ಅವರು ಕುಡಿಯಲಿಲ್ಲ. ನನ್ನನ್ನು ನೋಡಿ, ಮಗಳ, ನಿಂದು ಆಟ ಶುರುವಾಗಿಲ್ಲೇನ ಎಂದು ಮಾತ್ರ ಕೇಳಿದರು.

1 ಗಂಟೆ ಕಳೆಯಿತು, 2 ಗಂಟೆಯೂ ಕಳೆಯಿತು. ಈ ನಡುವೆ ಧೊಂಡಿಬಾ ಅವರ ಮಗಳು ಸತ್ಯಮ್ಮ ಅವರು ಠಾಣೆಯ ಬಾಗಿಲಿಗೆ ಬಂದು, ಬೀಗರು ಬಂದು ಕೂತಾರ, ಮುತ್ಯಾ ಎಲ್ಲಿ ಅಂತ ಕೇಳ್ಲಾಕತ್ತಾರ, ಏನ್ ಹೇಳ್ಲಿ ಎಂದು ತಂದೆಯನ್ನು ಕೇಳಿದರು. ಖರೆ ಇದ್ದದ್ದೇ ಹೇಳು, ಠಾಣ್ಯಾಗ ಇದ್ದಾನ ಅಂತ ಹೇಳು ಎಂದು ಅವರು ಉತ್ತರಿಸಿದರು.

2 ಗಂಟೆ 35 ನಿಮಿಷಕ್ಕೆ ಎ.ಎಸ್.ಐ. ಮೇಡಂ ಅವರು ನನ್ನ ದೂರನ್ನು ಎರಡನೇ ಸಲ ಓದಿ, ಒತ್ತಿ ನೋಡಿದವರು ಸುಮ್ಮನೆ ಒತ್ತಿದರೋ, ಏನಾದರೂ ಹೇಳಿದರೋ ಎಂದು ಕೇಳಿದರು. ತೊಗರಿ ಎಂದರು ಎಂದು ಹೇಳಿದೆ. ಯಾವಾಗ ಎಂದು ಕೇಳಿದರು. ಹಲಬರ್ಗಾಕ್ಕಿಂತ ಮೊದಲು ಎಂದೆ. ಚೀಲ ಬದಲಿಸುವವನು ಒಳಗೆ ತೊಗರಿ ಇದೆ ಎಂದು ತಾನೇ ಯಾಕೆ ಸಾರುತ್ತಾನೆ ಎಂದು ಅವರು ಕೇಳಲಿಲ್ಲ, ನನ್ನ ಮುಖ ನೋಡಿದರು ಅಷ್ಟೆ. ಆಗ ನನಗೆ ರೊಟ್ಟಿಯ ಗಂಟು ನೆನಪಾಯಿತು, ನಂತರ ಮೇಜು, ನಂತರ ನಮ್ಮವ್ವ ಹೊಲಿದ ಕೆಂಪು ದಾರ.

ಮೇಡಂ ಅವರ ಫೋನಿನಿಂದ ಮಾವನಿಗೆ ಕರೆ ಮಾಡಿದೆ. ಮಾವ ಮೊದಲ ಮಾತಿಗೇ, ಎಲ್ಲಿ ಸತ್ತಿದ್ದಿ, ಹನ್ನೊಂದು ಸಲ ಫೋನ್ ಹಚ್ಚೀನಿ ಎಂದು ಬೈದರು. 12 ಗಂಟೆಯ ಸವಾಲಿನಲ್ಲಿ ಖರೀದಿದಾರರೊಬ್ಬರು ಕಾಳು ನೋಡಲು ಚೀಲದೊಳಗೆ ಮುಷ್ಟಿ ಹಾಕಿದಾಗ ಕೀಬೋರ್ಡ್ ಕೈಗೆ ತಾಗಿ, ಇದು ಯಾವ ತಳಿ ಎಂದು ಕೇಳಿ ಇಡೀ ಗಂಜ ನಕ್ಕಿತೆಂದೂ, ಆ ರೈತರ ಮಾಲಿನಿಂದ ಬೇರೆ ನಮೂನೆ ತೆಗೆದು ಸವಾಲು ಮುಗಿಸಲಾಯಿತೆಂದೂ ತಿಳಿಸಿದರು. 3 ಗಂಟೆ 50 ನಿಮಿಷಕ್ಕೆ ಅವರು ಮೋಟಾರ್ ಸೈಕಲ್ಲಿನಲ್ಲಿ 40 ಕಿಲೋಮೀಟರ್ ಬಂದು ಕೀಬೋರ್ಡ್ ಹಾಜರುಪಡಿಸಿದರು. 61 ಗುಂಡಿಗಳೂ ಸರಿಯಾಗಿವೆ. ನನ್ನ ತಂಡ ನಾಲ್ಕೇ ಜನ ಆಡಿ ಮೊದಲ ಸುತ್ತಿನಲ್ಲೇ ಸೋತಿದೆ. ಸುಮಿತ ನನ್ನ ಫೋನ್ ತಂದುಕೊಟ್ಟು, ಸೋತದ್ದಕ್ಕೆ ಬೈಯದೆ ಹೊರಗೆ ಕಾಯುತ್ತಿದ್ದಾನೆ. ಅದಕ್ಕೂ ಅವನಿಗೆ ಋಣಿ.

ನಾನು ಧೊಂಡಿಬಾ ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ಕೈ ಹಿಡಿದು ತಡೆದು, ಆ ಕೀಬೋರ್ಡ್ ತೋರಸು ಎಂದರು. ಒಂದು ಗುಂಡಿ ಒತ್ತಿ, ಇನ್ನೊಂದು ಒತ್ತಿ, ಸದ್ದು ಸಣ್ಣದದ, ಛಲೋ ಆರಿಸೀದಿ ಎಂದರು. ಮೂರು ಭಾನುವಾರ ಅಲೆದು ಆರಿಸಿದ ವಸ್ತುವನ್ನು ಅಷ್ಟು ಮನಸ್ಸಿಟ್ಟು ನೋಡಿದವರು ಅವರೊಬ್ಬರೇ. ನಾನು ಅಲ್ಲಿಯೇ ಅತ್ತೆ.

ಹೇಳಿಕೆಯಲ್ಲಿ ಕೃತಜ್ಞತೆ ಬರೆಯುವ ರೂಢಿ ಇಲ್ಲ ಎಂದು ಬರಹಗಾರರು ತಿಳಿಸಿದ್ದಾರೆ. ಆದರೂ ಬರೆದುಕೊಳ್ಳಲು ಕೋರುತ್ತೇನೆ. ಕೇಳದೆ ನನ್ನ ಭಾರ ಹೊತ್ತದ್ದಕ್ಕೆ, ಹೊತ್ತು ಹೆಸರು ಕೆಡಿಸಿಕೊಂಡದ್ದಕ್ಕೆ, ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಇಲ್ಲಿ ಕುಳಿತು ನನಗೆ ಒಂದು ಕೆಟ್ಟ ಮಾತನ್ನೂ ಆಡದ್ದಕ್ಕೆ ನಾನು ಧೊಂಡಿಬಾ ಅವರಿಗೆ ಜೀವ ಇರುವವರೆಗೆ ಋಣಿ. ಆ ಒಂದು ಪ್ರಶ್ನೆ ಕೇಳಿದ್ದಕ್ಕೆ ಎ.ಎಸ್.ಐ. ಮೇಡಂ ಅವರಿಗೂ ಋಣಿ. ದೂರನ್ನು ಪೂರ್ತಿಯಾಗಿ ಹಿಂಪಡೆಯುತ್ತೇನೆ. ಸುಳ್ಳು ದೂರಿಗೆ ಕಾನೂನಿನಲ್ಲಿ ಏನಿದೆಯೋ ಅದಕ್ಕೆ ಒಪ್ಪುತ್ತೇನೆ.

ಬೀಗರು ಇನ್ನೂ ಎದ್ದಿಲ್ಲ, ಊಟ ಮಾಡದೆ ಕುಳಿತಿದ್ದಾರೆ ಎಂದು ಸತ್ಯಮ್ಮ ಅವರು ಈಗ ಬಂದು ತಿಳಿಸಿದ್ದಾರೆ. ಈ ಹೇಳಿಕೆಯ ನಕಲನ್ನು ಪಡೆದು, ಠಾಣೆಯಿಂದ 1 ಕಿಲೋಮೀಟರ್ ದೂರದ ಆ ಮನೆಗೆ ನಾನು ಧೊಂಡಿಬಾ ಅವರೊಂದಿಗೆ ನಡೆದು ಹೋಗಿ, ಗಂಡಿನ ಕಡೆಯವರ ಎದುರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಓದಿ ಹೇಳುತ್ತೇನೆ. ಹೀಗೆ ಮಾಡೆಂದು ಧೊಂಡಿಬಾ ಅವರು ನನಗೆ ಹೇಳಿಲ್ಲ. ನಿರಪರಾಧಿ ಎಂದು ಬರೆಸಬೇಕೇ ಎಂದು ಮೇಡಂ ಅವರು ವಿಚಾರಿಸಿದಾಗಲೂ ಬೇಡವೆಂದರು. ಒಂದೇ ಮಾತು ಸೇರಿಸಿರಿ ಸಾಹೇಬ್ರ, ನಾ ಬಸ್ಸಿನ್ಯಾಗ ತೊಗರಿ ಅಂದಿದ್ದ ಖರೆ ಇತ್ತು ಎಂದು ಬರಹಗಾರರನ್ನು ಕೇಳಿಕೊಂಡರು. ಅದು ಖರೆ ಇತ್ತು.

ಮೇಲೆ ಬರೆದಿದ್ದನ್ನು ಬರಹಗಾರರು ನನಗೆ ನಿಧಾನವಾಗಿ ಓದಿ ಹೇಳಿದರು, ಧೊಂಡಿಬಾ ಅವರೂ ಕೇಳಿಸಿಕೊಂಡರು. ನಾನು ಹೇಳಿದ್ದು ಹೇಳಿದಂತೆಯೇ ಇದೆ, ಹೆಚ್ಚಿಲ್ಲ, ಕಡಿಮೆ ಇಲ್ಲ, ಮತ್ತು ನಿಜ.

ಸ್ಥಳ: ಭಾಲ್ಕಿ
ದಿನಾಂಕ: 17-01-2026, ಸಂಜೆ 5 ಗಂಟೆ 5 ನಿಮಿಷ
ಸಹಿ: ಪ್ರಣಾಲಿ ಗೋರಖನಾಥ
ಸಾಕ್ಷಿ: ಕೈಲಾಶ (ಸಹಿ)
ಸಾಕ್ಷಿ: ಧೊಂಡಿಬಾ (ಎಡಗೈ ಹೆಬ್ಬೆಟ್ಟಿನ ಗುರುತು)